ಆರೋಗ್ಯ ಸಚಿವರೇ, ಎರಡು ರೂಮಿಗೂ ಒಂದೇ ಚೀಟಿ ಮಾಡಿಸಿ

ಸಚಿವರಿಗೆ ನಮಸ್ಕಾರ ಸರ್,

ಆಯುರ್ವೇದ ಮೇಲಾ ಇಂಗ್ಲಿಷ್ ಮೆಡಿಸಿನ್ ಮೇಲಾ ಅಂತ ಜಗಳ ಆಡೋಕೆ ಈ ಪತ್ರ ಅಲ್ಲ, ಆ ಜಗಳ ನಮ್ಮನೇಲಿ ಊಟದ ಹೊತ್ತಿಗೆ ದಿನಾ ಇದ್ದಿದ್ದೇ. ನಮ್ಮಮ್ಮನ ಅತಿಮಧುರದ ಡಬ್ಬಿ ವಿಷ್ಯ ನಿಮಗೆ ಹೇಳ್ಬೇಕಿತ್ತು.

ಅಮ್ಮಂಗೆ ಬಿಪಿ. ತಗೊಳ್ಳೋ ಮಾತ್ರೇಲಿ ಮೂತ್ರ ಜಾಸ್ತಿ ಹೋಗೋ ಥರದ್ದೂ ಸೇರಿದೆ. ಹೋದ ಚಳಿಗಾಲದಲ್ಲಿ ಒಣಕೆಮ್ಮು ಹಿಡ್ಕೊಂಡಾಗ ಪಕ್ಕದ್ಮನೆಯವರು ಹೇಳಿದ್ರು ಅಂತ ದಿನಕ್ಕೆರಡು ಲೋಟ ಅತಿಮಧುರದ ಕಷಾಯ ಶುರು ಮಾಡಿದ್ರು, ಒಂದೂವರೆ ತಿಂಗಳು ಬಿಡ್ಲೇ ಇಲ್ಲ, ಇತ್ಲಾಗೆ ಬಿಪಿ ಏರ್ತಾನೇ ಹೋಯ್ತು, ಡಾಕ್ಟ್ರು ಡೋಸ್ ಏರಿಸ್ತಾನೇ ಹೋದ್ರು, ಕೊನೆಗೊಂದಿನ ಕಾಲಲ್ಲಿ ಶಕ್ತಿನೇ ಇಲ್ದೆ ಮೆಟ್ಟಿಲ ಮೇಲೆ ಕೂತ್ಬಿಟ್ರು. ಅಡ್ಮಿಟ್ ಮಾಡಿ ರಕ್ತ ನೋಡಿದ್ರೆ ಪೊಟ್ಯಾಸಿಯಂ ಪೂರ್ತಿ ಇಳಿದಿದೆ. ರಾತ್ರಿ ಡ್ಯೂಟಿ ಡಾಕ್ಟರಮ್ಮ ಒಬ್ಬರೇ ಕೇಳಿದ್ದು, "ಮನೇಲಿ ಬೇರೆ ಏನ್ ಕುಡೀತೀರಾ ಅಜ್ಜಿ?" ಅಂತ. ಅತಿಮಧುರದಲ್ಲಿರೋ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು ನೀರು ಹಿಡಿದಿಡತ್ತೆ, ಪೊಟ್ಯಾಸಿಯಂ ಆಚೆ ಕಳಿಸತ್ತೆ, ಆ ಮಾತ್ರೆನೂ ಪೊಟ್ಯಾಸಿಯಂ ಕಳೆಯೋದೇ! ಮೊದ್ಲೇ ಯಾಕಮ್ಮ ಹೇಳ್ಲಿಲ್ಲ ಅಂದ್ರೆ, "ಅದೇನು ಔಷಧಿಯೇನೋ, ಕಷಾಯ ತಾನೆ, ಹೇಳಿದ್ರೆ ಬೈತಾರೆ" ಅಂದ್ರು.

ಕಷಾಯಕ್ಕೆ ಶಕ್ತಿ ಇಲ್ಲ ಅಂತ ಒಬ್ರು, ಅದರಿಂದ ಏನೂ ತೊಂದ್ರೆ ಇಲ್ಲ ಅಂತ ಇನ್ನೊಬ್ರು, ಎರಡೂ ತಪ್ಪು ಸರ್. ಸರ್ಪಗಂಧದ ಬೇರು ಬಿಪಿ ಇಳಿಸತ್ತೆ ಅಂತ ಮುಂಬೈನ ಡಾ. ರುಸ್ತುಮ್ ಜಾಲ್ ವಕೀಲ್ 1949ರಲ್ಲೇ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದಿದ್ರು. ಹಾಗಲಕಾಯಿ ಜ್ಯೂಸು ಶುಗರ್ ಮಾತ್ರೆ ಜೊತೆ ಸೇರಿದ್ರೆ ಶುಗರ್ ತೀರಾ ಇಳಿದು ತಲೆ ಸುತ್ತಬಹುದು.

2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಬಂದಾಗ ಆಯುಷ್ ಡಾಕ್ಟ್ರನ್ನೂ, ಅಂದ್ರೆ ಆಯುರ್ವೇದ, ಹೋಮಿಯೋಪಥಿ ಥರದವ್ರನ್ನೂ, ಸರ್ಕಾರಿ ಆಸ್ಪತ್ರೇಲೇ ಕೂರಿಸೋ ಏರ್ಪಾಡಾಯ್ತು, ಒಳ್ಳೇದೇ. ಆದ್ರೆ ನಾನು ಅಮ್ಮನ್ನ ಕರ್ಕೊಂಡು ಹೋಗೋ ಕಡೆ ಕಟ್ಟಡ ಒಂದು, ಚೀಟಿ ಎರಡು. ಈ ರೂಮಲ್ಲಿ ಬರೆದಿದ್ದು ಆ ರೂಮಿಗೆ ಗೊತ್ತಾಗಲ್ಲ. ನಾನು ಕೇಳ್ತಿರೋದು ಹೊಸ ಆಸ್ಪತ್ರೆ ಅಲ್ಲ, ಓಪಿಡಿ ಚೀಟಿ ಒಂದೇ ಇರ್ಲಿ, ಅದ್ರಲ್ಲಿ "ಮನೆಮದ್ದು, ನಾಟಿ ಔಷಧಿ, ಆಯುಷ್ ಔಷಧಿ ಏನು ತಗೋತಿದಾರೆ" ಅಂತ ಒಂದು ಸಾಲು ಇರ್ಲಿ, ಬೈಯದೆ ಕೇಳಿ ಬರ್ಕೊಳ್ಳೋಕೆ ನರ್ಸ್‌ಗಳಿಗೆ ಒಂದಿನ ಟ್ರೈನಿಂಗ್ ಕೊಡ್ಸಿ.

ಕೂಡಿ ಕೆಲಸ ಮಾಡೋದು ಆಗಲ್ಲ ಅನ್ನೋರಿಗೆ ಪಕ್ಕದ ಕಾಸರಗೋಡು ತೋರಿಸಿ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲು ಆದವ್ರ ಕಾಲನ್ನ ಸೋಪಲ್ಲಿ ತೊಳೆದು ಒರೆಸಿ, ಗಿಡಮೂಲಿಕೆ ನೀರಲ್ಲಿ ನೆನೆಸಿ, ಯೋಗ ಮಾಡಿಸಿ, ಆಮೇಲೆ ಬಿಗಿಯಾಗಿ ಬ್ಯಾಂಡೇಜ್ ಸುತ್ತುತಾರೆ, ಸೋಂಕಾದ್ರೆ ಆಂಟಿಬಯಾಟಿಕ್. ಆನೆಕಾಲು ನಮ್ಮ ಕಲಬುರಗಿ ಕಡೆನೂ ಇದೆ, ನಿಮಗೆ ಹೇಳ್ಬೇಕಾ.

ಸೋಮವಾರ ಅಮ್ಮನ ಚೆಕಪ್ ಇದೆ. ಡಬ್ಬಿನೂ ಬ್ಯಾಗಿಗೆ ಹಾಕ್ಕೊಂಡಿದೀನಿ, ಈ ಸಲ ಯಾರೂ ಕೇಳ್ದೇ ಇದ್ರೂ ಮೇಜಿನ ಮೇಲೆ ಇಟ್ಟೇ ಮಾತಾಡೋದು.

ಇಂತಿ,
ಒಬ್ಬ ಮಗ