ಮಿಶ್ರಣದ ಲೆಕ್ಕದಲ್ಲಿ ಬದಲಾಗದ್ದು ಯಾವುದು?

ಮಾನ್ಯರೇ,

ಅನುಪಾತದ ಪಾಠದಲ್ಲಿ ಓರೆ ಗುಣಾಕಾರವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಎಡವುವುದು ಅದಕ್ಕೂ ಮೊದಲೇ, ಲೆಕ್ಕ ಓದುವಾಗ. ‘750 ಮಿ.ಲೀ. ಕೋಕಂ ಸಿರಪ್‌ಗೆ 3 ಲೀಟರ್ ನೀರು’ ಎಂದಿದ್ದರೆ 750:3 ಎಂದು ಬರೆದು 250:1 ಎಂಬ ಉತ್ತರ ತರುತ್ತಾರೆ. 3 ಲೀಟರನ್ನು 3,000 ಮಿ.ಲೀ. ಮಾಡಿಕೊಂಡರೆ ಅದು 1:4. ಹಾಗೆಂದು ಸಿರಪ್ ಇಡೀ ಪಾನಕದ ಕಾಲು ಭಾಗವಲ್ಲ, ಐದರಲ್ಲೊಂದು ಭಾಗ. ಪಾಲುಗಳನ್ನು ಕೂಡಿಸದೆ ಈ ವ್ಯತ್ಯಾಸ ಕಾಣುವುದಿಲ್ಲ.

ಹೆಚ್ಚು ಅಂಕ ಕಳೆಯುವ ಲೆಕ್ಕ ಇದು: 20 ಲೀಟರ್ ಮಿಶ್ರಣದಲ್ಲಿ ಹಾಲು, ನೀರು 3:1. ಅದನ್ನು 3:2 ಮಾಡಲು ಎಷ್ಟು ನೀರು ಸೇರಿಸಬೇಕು? ಹಲವರು 20ನ್ನು ಮತ್ತೆ 3:2ರಂತೆ ಹಂಚಿ ಹಾಲು 12, ನೀರು 8 ಎಂದು ಬರೆದು ‘3 ಲೀಟರ್’ ಎನ್ನುತ್ತಾರೆ. ಇದ್ದ 15 ಲೀಟರ್ ಹಾಲಿನಲ್ಲಿ 3 ಲೀಟರ್ ಎಲ್ಲಿ ಹೋಯಿತು? ನೀರು ಸುರಿದರೆ ಹಾಲು ಕಡಿಮೆಯಾಗದು, ಒಟ್ಟು ಮೊತ್ತ ಹೆಚ್ಚುತ್ತದೆ. ಹಾಲಿನ 3 ಪಾಲು ಎಂದರೆ 15 ಲೀಟರ್, ಒಂದು ಪಾಲು 5. ನೀರು 10 ಬೇಕು, 5 ಇದೆ, ಸೇರಿಸಬೇಕಾದ್ದು 5 ಲೀಟರ್. ಯಾವುದು ಬದಲಾಗಲಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಸಿದರೆ ಈ ತಪ್ಪು ನಿಲ್ಲುತ್ತದೆ.

ಮಲೆನಾಡಿನ ಶಾಲೆಗಳಿಗೆ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ. ಹಾಗಾದರೆ 200 ಲೀಟರ್ ಡ್ರಮ್ಮಿಗೆ ತಲಾ 2 ಕೆ.ಜಿ. ಇಷ್ಟು ಎಲ್ಲರೂ ಹೇಳುತ್ತಾರೆ. 15 ಲೀಟರಿಗೆ ಕೇಳಿ ನೋಡಿ: 0.15 ಕೆ.ಜಿ. ಎಂದು ಸರಿಯಾಗಿ ಬರೆದ ಕೈಯೇ ಅದನ್ನು 15 ಗ್ರಾಂ ಮಾಡುತ್ತದೆ. ಬೇಕಾದ್ದು 150 ಗ್ರಾಂ. ಹತ್ತರಲ್ಲೊಂದು ಪಾಲಿನ ಔಷಧಿಗೆ ಕೊಳೆರೋಗ ನಿಲ್ಲದು. ಲೀಟರಿಗೆ 10 ಗ್ರಾಂ ಎಂದು ಮೊದಲೇ ಇಳಿಸಿಕೊಂಡರೆ ದಶಮಾಂಶದ ಗೋಜೇ ಇಲ್ಲ. (ಹಳೆಯ ಸುಣ್ಣವಾದರೆ ತೂಕ ಸರಿಯಿದ್ದರೂ ಸಾಲದು. ಶುಭ್ರ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಬೇಕು.)

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ನಮ್ಮ ವಿನಂತಿ: ಮಾನಗಳನ್ನು ಒಂದೇ ಮಾಡಿಕೊಂಡ ಸಾಲಿಗೆ ಪ್ರತ್ಯೇಕ ಅಂಕ ಇಡಿ. ಮೇಲಿನ ಹಾಲಿನ ಲೆಕ್ಕದಂತೆ ತಪ್ಪಾಗಿ ಬಿಡಿಸಿದ್ದನ್ನೇ ಕೊಟ್ಟು, ಯಾವ ಹೆಜ್ಜೆಯಲ್ಲಿ ತಪ್ಪಿದೆ ಎಂದೂ ಕೇಳಿ.

– ಇಬ್ಬರು ಗಣಿತ ಶಿಕ್ಷಕರು, ತೀರ್ಥಹಳ್ಳಿ