ಸೋಡಿಯಂ ಬಾಟಲಿ ರಟ್ಟಿನ ಪೆಟ್ಟಿಗೆಯಲ್ಲಿ ಬರಬಾರದು

ಮಾನ್ಯ ಸಂಪಾದಕರೇ,

ಠಾಣೆ ಕಡೆಯ ಒಂದು ಜೂನಿಯರ್ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಸಹಾಯಕಿ. ಮುಂಬಯಿಯಲ್ಲಿ ಕನ್ನಡಿಗರು ನಡೆಸುವ ಶಾಲೆ ಕಾಲೇಜುಗಳಿವೆ. ಅವುಗಳ ಆಡಳಿತ ಮಂಡಳಿಯವರು ನಿಮ್ಮ ಪತ್ರಿಕೆ ಓದುತ್ತಾರೆ. ಡೊಂಬಿವಲಿ, ತಲೋಜಾದ ಕೆಮಿಕಲ್ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರೂ ಓದುತ್ತಾರೆ. ಅದಕ್ಕೇ ಈ ವಿಷಯ ಇಲ್ಲಿ ಬರೆಯುತ್ತಿದ್ದೇನೆ.

ಸೋಡಿಯಂ ಲೋಹಕ್ಕೆ ನೀರು ಆಗದು. ನೀರು ತಾಗಿದರೆ ಹೈಡ್ರೋಜನ್ ಅನಿಲ ಬರುತ್ತದೆ, ಜೊತೆಗೆ ಬಿಸಿಯೂ ಹುಟ್ಟುತ್ತದೆ. ತುಂಡು ದೊಡ್ಡದಿದ್ದರೆ ಆ ಬಿಸಿಗೇ ಹೈಡ್ರೋಜನ್ ಹತ್ತಿಕೊಳ್ಳುತ್ತದೆ. ಅದಕ್ಕಾಗಿ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಸೋಡಿಯಂ ನೀರಿಗಿಂತ ಹಗುರ, ಸೀಮೆಎಣ್ಣೆಗಿಂತ ಭಾರ, ಹಾಗಾಗಿ ಎಣ್ಣೆಯ ತಳದಲ್ಲಿ ಕೂರುತ್ತದೆ. ಇಷ್ಟನ್ನು ಮಕ್ಕಳೂ ಪುಸ್ತಕದಲ್ಲಿ ಓದಿರುತ್ತಾರೆ. ಆದರೆ ಆ ಬಾಟಲಿ ಅಂಗಡಿಯಿಂದ ಲ್ಯಾಬಿಗೆ ಹೇಗೆ ಬರುತ್ತದೆ ಅನ್ನೋದನ್ನು ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಶಾಲಾ ವರ್ಷ ಶುರುವಾಗುವುದು ಜೂನ್ ಮಧ್ಯದಲ್ಲಿ. ಸಾಮಾನು ಬರುವುದು ಜುಲೈಯಲ್ಲಿ, ಜೋರು ಮಳೆಯ ನಡುವೆ. ಕಳೆದ ಮಳೆಗಾಲದಲ್ಲಿ ನಮಗೆ ಬಂದದ್ದು 500 ಗ್ರಾಂ ಸೋಡಿಯಂನ ಕಂದು ಗಾಜಿನ ಬಾಟಲಿ. ಅದನ್ನು ಬೀಕರ್, ಫನಲ್‌ಗಳ ಜೊತೆ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಸುತ್ತ ಹಳೇ ಪೇಪರ್ ತುರುಕಿದ್ದರು. ಟೆಂಪೋದಿಂದ ಇಳಿಸುವಾಗ ಪೆಟ್ಟಿಗೆಯ ತಳ ಮೆತ್ತಗಾಗಿತ್ತು. ಅರ್ಧ ಮಳೆ ನೀರು, ಅರ್ಧ ಸೀಮೆಎಣ್ಣೆ. ಮುಚ್ಚಳದೊಳಗಿನ ರಬ್ಬರ್ ವಾಷರ್ ಎಣ್ಣೆ ಕುಡಿದು ಉಬ್ಬಿ, ಒಂದು ಕಡೆ ಹೊರಗೆ ಇಣುಕುತ್ತಿತ್ತು. ಒಳಗೆ ಎಣ್ಣೆ ಎಷ್ಟು ಉಳಿದಿದೆ ಎಂದು ಕಂದು ಗಾಜಿನಲ್ಲಿ ಕಾಣಿಸಲೇ ಇಲ್ಲ. ಟಾರ್ಚ್ ಹಿಡಿದು ನೋಡಿದರೆ ಮೇಲಿನ ಎರಡು ಸೋಡಿಯಂ ಗಟ್ಟಿಗಳು ಎಣ್ಣೆಯಿಂದ ಹೊರಗಿದ್ದವು. ಅವುಗಳ ಮೇಲೆ ಬಿಳಿ ಪದರ ಕಟ್ಟಿತ್ತು, ಅಂಚಿನಲ್ಲಿ ಬೆವರಿದ ಹಾಗೆ ಪಸೆ. ಆ ಪಸೆ ಕಾಸ್ಟಿಕ್ ಸೋಡಾ, ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಪೆಟ್ಟಿಗೆ ಹೊತ್ತು ತಂದ ಹುಡುಗನಿಗೆ ಅದರಲ್ಲಿ ಏನಿದೆ ಅಂತಲೇ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಗುರುತೂ ಇರಲಿಲ್ಲ. ನೀರು ತಾಗಿದರೆ ಅಪಾಯ ಎಂದು ಹೇಳುವ, ಬೆಂಕಿಯ ಚಿತ್ರವಿರುವ ನೀಲಿ ಚೌಕದ ಚೀಟಿ ಇಂಥ ಸಾಮಾನಿಗೆ ಇಡೀ ಜಗತ್ತಿನಲ್ಲಿ ಇದೆ. ಅದನ್ನು ಅಂಟಿಸೋಕೆ ಎಷ್ಟು ಖರ್ಚಾಗುತ್ತದೆ?

ಎಣ್ಣೆ ಇದ್ದರೆ ಸಾಕು, ಪ್ಯಾಕಿಂಗ್ ಹೇಗಿದ್ದರೇನು ಎನ್ನುವವರು ಜಾಸ್ತಿ. ಎಣ್ಣೆ ಗೋಡೆಯಲ್ಲ. ಅದರಲ್ಲೂ ಸ್ವಲ್ಪ ನೀರು, ಸ್ವಲ್ಪ ಆಕ್ಸಿಜನ್ ಕರಗಿಕೊಳ್ಳುತ್ತದೆ. ಒಮ್ಮೆ ಮುಚ್ಚಳ ತೆಗೆದರೆ ಒಳಗೆ ಹೋಗುವ ತೇವ ಕೆಲವೇ ಮಿಲಿಗ್ರಾಂ, ಅದರಿಂದ ದೊಡ್ಡ ಹಾನಿ ಇಲ್ಲ. ಹಾನಿ ಆಗುವುದು ಸಡಿಲ ಮುಚ್ಚಳದಿಂದ. ಹಗಲು ಕಾದು ರಾತ್ರಿ ತಣಿಯುವಾಗ ಬಾಟಲಿ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಮುಂಬಯಿಯ ಮಳೆಗಾಲದ ಗಾಳಿ ಅಂದರೆ ಗೊತ್ತಲ್ವಾ. ಇತ್ತ ಸೀಮೆಎಣ್ಣೆಯೂ ತಿಂಗಳುಗಟ್ಟಲೆ ಆವಿಯಾಗಿ ಇಳಿಯುತ್ತಾ ಹೋಗುತ್ತದೆ.

ಹಾಗಾದರೆ ಹೇಗಿರಬೇಕು? ಬಾಟಲಿ ಒಳಗಿನದು ಕಾಣುವ ಬಿಳಿ ಗಾಜಿನದಾಗಿರಲಿ. ಕಂದು ಗಾಜು ಬೆಳಕಿಗೆ ಕೆಡುವ ಸಾಮಾನಿಗೆ ಬೇಕು, ಸೋಡಿಯಂಗೆ ಅದರ ಅಗತ್ಯವಿಲ್ಲ. ಎಣ್ಣೆ ಇಳಿದದ್ದು ಕಣ್ಣಿಗೆ ಕಾಣುವುದೇ ಮುಖ್ಯ. ಹೊರಗೆ ಒಂದು ಕೆಂಪು ಗೆರೆ ಹಾಕಿ, ಇದಕ್ಕಿಂತ ಕೆಳಗೆ ಹೋಗಬಾರದು ಎಂದು ಬರೆದರೆ ಇನ್ನೂ ಒಳ್ಳೆಯದು. ಬಾಯಿ ಅಗಲವಿರಲಿ, ಚಿಮಟ ಸಲೀಸಾಗಿ ಹೋಗಬೇಕು. ಕಿರಿದಾದ ಬಾಯಿಯ ಬಾಟಲಿಯನ್ನು ಬಗ್ಗಿಸಿ ಗಟ್ಟಿ ತೆಗೆಯುವಾಗಲೇ ಎಣ್ಣೆ ಚೆಲ್ಲುತ್ತದೆ. ಮುಚ್ಚಳದ ವಾಷರ್ ಎಣ್ಣೆಗೆ ಉಬ್ಬದಂಥದ್ದು ಬೇಕು, ನೈಟ್ರೈಲ್ ರಬ್ಬರ್ ಅಥವಾ ಟೆಫ್ಲಾನ್. ಸೀಮೆಎಣ್ಣೆಯ ಬದಲು ಲಿಕ್ವಿಡ್ ಪ್ಯಾರಫಿನ್ ಎಂಬ ದಪ್ಪ ಎಣ್ಣೆ ತುಂಬಿದರೆ ಅದು ಬೇಗ ಆವಿಯಾಗುವುದಿಲ್ಲ. ಗಟ್ಟಿಗೆ ಅಂಟಿಕೊಳ್ಳುತ್ತದೆ, ಒರೆಸೋದು ಸ್ವಲ್ಪ ಕೆಲಸ, ನಿಜ. ಆದರೂ ನಾನು ಅದನ್ನೇ ಆರಿಸುತ್ತೇನೆ.

ಇನ್ನು ಬಾಟಲಿಯ ಹೊರಗೆ ತಗಡಿನ ಡಬ್ಬಿ ಬೇಕೇ ಬೇಕು, ಪೇಂಟ್ ಡಬ್ಬಿಗೆ ಇರುವಂತೆ ಒತ್ತಿ ಕೂರಿಸುವ ಮುಚ್ಚಳದ್ದು. ನಡುವೆ ವರ್ಮಿಕ್ಯುಲೈಟ್ ತುಂಬಬೇಕು, ನರ್ಸರಿಯವರು ಕುಂಡಕ್ಕೆ ಹಾಕುವ ಹಗುರ ಹರಳು. ಅದು ಸುಡುವುದಿಲ್ಲ. ಬಾಟಲಿ ಒಡೆದರೆ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಪೇಪರ್ ತೇವ ಹೀರುತ್ತದೆ, ಬೆಂಕಿಯೂ ಹಿಡಿಯುತ್ತದೆ. ಥರ್ಮಾಕೋಲ್ ಸೀಮೆಎಣ್ಣೆ ತಾಗಿದರೆ ಕೆಡುತ್ತದೆ. ಎರಡೂ ಬೇಡ.

ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ಮುಖ್ಯ ಬೇಡಿಕೆ ಅಳತೆಯದ್ದು. ಸಾವಯವ ವಸ್ತುವಿನಲ್ಲಿ ನೈಟ್ರೋಜನ್, ಗಂಧಕ, ಕ್ಲೋರಿನ್‌ನಂಥವು ಇವೆಯೇ ಎಂದು ನೋಡುವ ಲಸೇನ್ ಟೆಸ್ಟಿಗೆ ಕಡಲೆಕಾಳಿನಷ್ಟು ಚೂರು ಸಾಕು, ಸುಮಾರು ಕಾಲು ಗ್ರಾಂ. 25 ಗ್ರಾಂನಲ್ಲಿ 100 ಚೂರು ಆಗುತ್ತವೆ. 500 ಗ್ರಾಂ ತಂದರೆ ಕಿಲೋ ಲೆಕ್ಕದಲ್ಲಿ ಅಗ್ಗ, ಸರಿ. ಆದರೆ ಅದೇ ಬಾಟಲಿಯನ್ನು ವರ್ಷಗಟ್ಟಲೆ ತೆಗೆದು ಮುಚ್ಚಿ, ಕೊನೆಗೆ ಅರ್ಧಕ್ಕಿಂತ ಜಾಸ್ತಿ ಬಿಳಿ ಗಟ್ಟಿಯಾಗಿ ಉಳಿಯುತ್ತದೆ. ಅದನ್ನು ಆಲ್ಕೋಹಾಲಿನಲ್ಲಿ ನಿಧಾನವಾಗಿ ಕರಗಿಸಿ ವಿಲೇವಾರಿ ಮಾಡೋದು ಅನುಭವಿ ಶಿಕ್ಷಕರ ಕೆಲಸ, ಪ್ಯೂನ್ ಕೈಗೆ ಕೊಟ್ಟು ಸಿಂಕಿಗೆ ಸುರಿಸುವ ಸಾಮಾನಲ್ಲ. ಮುಂಬಯಿಯ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ವ್ಯಾಪಾರಿಗಳು ಗಿರಾಕಿ ಕೇಳಿದ್ದನ್ನು ತರಿಸುತ್ತಾರೆ. ನಾವು ಕೇಳಬೇಕು, ಅಷ್ಟೇ.

ಪೊಟ್ಯಾಸಿಯಂ ಅಂತೂ ಶಾಲೆಗೆ ಬೇಡವೇ ಬೇಡ. ಎಣ್ಣೆಯೊಳಗಿದ್ದರೂ ಕಾಲಕ್ರಮದಲ್ಲಿ ಅದರ ಮೇಲೆ ಹಳದಿ ಪದರ ಕಟ್ಟುತ್ತದೆ. ಅಂಥದ್ದನ್ನು ಚಾಕುವಿನಿಂದ ಕತ್ತರಿಸಲು ಹೋದರೆ ಸ್ಫೋಟವಾಗಬಹುದು.

ಸೋಡಿಯಂಗೆ ಬೆಂಕಿ ಹತ್ತಿದರೆ ನೀರೂ ಆಗದು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಆಗದು. ಒಣ ಮರಳು ಬೇಕು. ನಮ್ಮ ಎಷ್ಟೋ ಶಾಲೆಗಳಲ್ಲಿ ಮರಳಿನ ಕೆಂಪು ಬಕೆಟ್ ತೆರೆದ ವರಾಂಡದಲ್ಲಿ ನೇತಾಡುತ್ತಿರುತ್ತದೆ, ಆಗಸ್ಟಿನಲ್ಲಿ ಮುಟ್ಟಿ ನೋಡಿ, ಒದ್ದೆ. ಒದ್ದೆ ಮರಳು ಸುರಿದರೆ ಉರಿಗೆ ನೀರು ಕೊಟ್ಟಂತೆಯೇ. ಆ ಮರಳಿಗೂ ಮುಚ್ಚಳವಿರುವ ಡಬ್ಬಿ ಬೇಕು, ಅದು ಲ್ಯಾಬಿನ ಒಳಗೇ ಇರಬೇಕು.

ಬರುವ ವರ್ಷದ ಸೋಡಿಯಂ ಆರ್ಡರನ್ನು ಜುಲೈ ತನಕ ಕಾಯದೆ ಜನವರಿಯಲ್ಲೇ, ಒಣ ಹವೆಯಲ್ಲಿ, 25 ಗ್ರಾಂ ಬಾಟಲಿಗಳಲ್ಲಿ, ತಗಡಿನ ಡಬ್ಬಿ ಸಮೇತ ಕೊಡುವಂತೆ ಎಲ್ಲ ಶಾಲೆಗಳವರನ್ನೂ ಕೇಳಿಕೊಳ್ಳುತ್ತೇನೆ. ಡಬ್ಬಿ ಇಲ್ಲದೆ ಬಂದರೆ ಸಹಿ ಹಾಕದೆ ವಾಪಸ್ ಕಳಿಸುವ ಅಧಿಕಾರವನ್ನು ಲ್ಯಾಬಿನವರಿಗೆ ಬರವಣಿಗೆಯಲ್ಲಿ ಕೊಡಿ.

ಇಂತಿ,
ಒಬ್ಬ ಲ್ಯಾಬ್ ಸಹಾಯಕಿ, ಠಾಣೆ