ಮಾಲ್ಡೀವ್ಸ್‌ನಿಂದ ಮಲ್ಪೆಗೆ

ಪ್ರೀತಿಯ ಅಪ್ಪ, ಅಮ್ಮ,

ನಾನಿಲ್ಲಿ ಆರಾಮಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದ್ರಲ್ಲ, ದಿನಾ ನೀರಿಗೆ ಇಳಿದು ನೋಡುವಂಥದ್ದು ಏನಿದೆ ಅಂತ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಅದಕ್ಕೇ ಈ ಪತ್ರ.

ಇಲ್ಲಿ ಕನ್ವಿಕ್ಟ್ ಟ್ಯಾಂಗ್ ಅಂತ ಒಂದು ಮೀನಿದೆ. ಅಂಗೈಯಷ್ಟು ಉದ್ದ, ಮಾಂಜಿ ಮೀನಿನ ಹಾಗೆ ಚಪ್ಪಟೆ. ಬೆಳ್ಳಗಿನ ಮೈ, ಮೇಲಿಂದ ಕೆಳಗೆ ಕಪ್ಪು ಪಟ್ಟೆ. ಬಾಲದ ಬುಡದಲ್ಲಿ ಎರಡೂ ಕಡೆ ಚೂಪಾದ ಸಣ್ಣ ಮುಳ್ಳು. ತಿನ್ನುವುದು ಪಾಚಿ.

ಆದರೆ ಪಾಚಿಗೂ ಕಾವಲಿದೆ. ಡ್ಯಾಮ್ಸೆಲ್ ಅನ್ನುವ ಪುಟ್ಟ ಮೀನು ಒಂದು ಬಂಡೆ ಹಿಡಿದು ಕೂತರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಒಂಟಿಯಾಗಿ ಹೋದ ಟ್ಯಾಂಗ್ ಅನ್ನು ಅಟ್ಟಿಸಿಕೊಂಡು ಬರುತ್ತದೆ. ಅದಕ್ಕೇ ಇವು ದಂಡು ಕಟ್ಟಿಕೊಂಡು ಬರುತ್ತವೆ. ನಿನ್ನೆ ನನ್ನ ಕಣ್ಣೆದುರೇ ನೂರಾರು ಮೀನು ಒಂದೇ ಬಂಡೆಗೆ ಇಳಿದವು. ಕಾವಲಿನ ಮೀನು ಒಂದನ್ನು ಓಡಿಸಿ ತಿರುಗುವಷ್ಟರಲ್ಲಿ ಉಳಿದವು ತಲೆ ಕೆಳಗೆ ಮಾಡಿ ಗಬಗಬ ಮೇಯುತ್ತಿದ್ದವು. ಸ್ವಲ್ಪ ಹೊತ್ತು ಮೇದು, ಎಲ್ಲವೂ ಒಟ್ಟಿಗೆ ಎದ್ದು ಮುಂದಿನ ಬಂಡೆಗೆ ಹೋದವು. ಎಷ್ಟು ನೋಡಿದರೂ ಸಾಕಾಗುವುದಿಲ್ಲ ಅಪ್ಪ.

ಮಲ್ಪೆ ಬಂದರಿನಲ್ಲಿ ಇದಕ್ಕೆ ಎಷ್ಟು ರೇಟು ಬಂದೀತು ಅಂತ ನೀವು ಕೇಳಿಯೇ ಕೇಳುತ್ತೀರಿ. ನನಗಂತೂ ಇದು ನೀರಲ್ಲೇ ಇರಬೇಕು. 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿಯ ಹವಳ ಬಿಳಿಚಿಕೊಂಡು ತುಂಬಾ ಸತ್ತಿತು. ಸತ್ತ ಹವಳದ ಮೇಲೆ ಪಾಚಿ ಜಾಸ್ತಿಯಾದರೆ ಹೊಸ ಹವಳದ ಮರಿಗೆ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ. ಇಂಥ ಮೀನುಗಳು ಮೇದು ಬಂಡೆ ಚೊಕ್ಕ ಮಾಡುತ್ತಲೇ ಇರಬೇಕು. ಊಟಕ್ಕೆ ಇಲ್ಲಿಯವರಿಗೆ ಟ್ಯೂನಾ ಇದೆಯಲ್ಲ. ಅದನ್ನೂ ಬಲೆ ಹಾಕದೆ ಗಾಳದಲ್ಲಿ ಒಂದೊಂದಾಗಿ ಹಿಡಿಯುತ್ತಾರೆ, ನೀವು ನೋಡಬೇಕು.

ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗ್ತೇನೆ ಅಂತ ತಮ್ಮ ಅಂದಿದ್ದ. ಮಳೆಗಾಲ ಮುಗಿದ ಮೇಲೆ ಹೋಗಲಿ. ಹವಳದ ಮೇಲೆ ಕಾಲಿಡಬೇಡ, ಮೀನಿನ ಬೆನ್ನು ಹತ್ತಬೇಡ ಅಂತ ಹೇಳಿ. ಸುಮ್ನೆ ಒಂದು ಕಡೆ ಇದ್ದರೆ ಅವೇ ಹತ್ತಿರ ಬರುತ್ತವೆ.

ಜೂನ್, ಜುಲೈನಲ್ಲಿ ಹೇಗೂ ಬೋಟು ದಡದಲ್ಲಿರುತ್ತದೆ. ಆಗ ಇಬ್ಬರೂ ಇಲ್ಲಿಗೆ ಬನ್ನಿ. ಅಮ್ಮ ಹೆದರುವುದು ಬೇಡ, ಸೊಂಟದವರೆಗಿನ ನೀರಲ್ಲಿ ಮಾಸ್ಕ್ ಹಾಕಿ ಮುಖ ಮುಳುಗಿಸಿದರೂ ಈ ಮೀನು ಕಾಣುತ್ತದೆ. ವೀಸಾ ಇಲ್ಲಿ ಇಳಿದ ಮೇಲೆಯೇ ಕೊಡುತ್ತಾರೆ. ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಿಡಿ.

ಇಂತಿ,
ನಿಮ್ಮ ಮಗಳು